ಸೀಸದ ಮೊಳೆಗಳು ಮತ್ತು ಮಾಸ್ತರರ ನೆನಪು

ನಮ್ಮೂರಿನ ಮುದ್ರಣ ಕೆಲಸಗಾರರು ಒಂದು ಸ್ಮರಣ ಸಂಚಿಕೆ ತರುತ್ತಿದ್ದಾರೆ. ಅದಕ್ಕಾಗಿ ಹೋದ ತಿಂಗಳು ಇಬ್ಬರು ಬೆಟಗೇರಿಯ ನನ್ನ ಮನೆಗೆ ಬಂದಿದ್ದರು. ಒಬ್ಬ ಆಫ್‌ಸೆಟ್ ಯಂತ್ರ ನಡೆಸುವವನು, ಇನ್ನೊಬ್ಬ ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸುವವನು. "ಅಜ್ಜಾರ, ಮೊಳಿ ಜೋಡಸೂ ಕಾಲದ ಬಂಗಾರದಂಥಾ ನೆನಪು ಬರದು ಕೊಡ್ರಿ," ಎಂದರು. ನಾನು ನಲವತ್ತು ವರ್ಷ ಮುಟ್ಟಿದ್ದು ಬಂಗಾರವನ್ನಲ್ಲ, ಸೀಸವನ್ನು. ಅದರ ನೆನಪನ್ನೇ ಬರೆದಿದ್ದೇನೆ. ಹಿಡಿಸದಿದ್ದರೆ ಸಂಚಿಕೆಯಲ್ಲಿ ಹಾಕಬೇಡಿ. ಆದರೆ ಅಲ್ಲಿಷ್ಟು ಇಲ್ಲಿಷ್ಟು ಕತ್ತರಿಸಿ ಹಾಕಬೇಡಿ.

ಈಗಿನವರು ಮೊಳೆಯನ್ನು ನೋಡಿರಲಿಕ್ಕಿಲ್ಲ, ಆದ್ದರಿಂದ ಕೆಲಸ ಹೇಗಿತ್ತೆಂದು ಮೊದಲು ಹೇಳುತ್ತೇನೆ. ಒಂದೊಂದು ಅಕ್ಷರಕ್ಕೆ ಒಂದೊಂದು ಸೀಸದ ಮೊಳೆ. ಕನ್ನಡದ ಕಾಗುಣಿತ, ಒತ್ತಕ್ಷರ ಎಲ್ಲ ಸೇರಿದರೆ ನೂರಾರು ಮೊಳೆಗಳು. ಅವನ್ನಿಡಲು ನೂರಾರು ಖಾನೆಗಳ ಮರದ ಕೇಸುಗಳು. ಕಂಪೋಜಿಟರ್ ಎಂಬುವವನು ದಿನವಿಡೀ ಕೇಸಿನ ಮುಂದೆ ನಿಂತು, ಎದುರಿಗಿಟ್ಟ ಹಸ್ತಪ್ರತಿ ಓದುತ್ತ, ನೋಡದೆಯೇ ಖಾನೆಗೆ ಕೈಹಾಕಿ ಒಂದೊಂದೇ ಮೊಳೆ ತೆಗೆದು ಸಾಲು ಕಟ್ಟಬೇಕು. ಅಕ್ಷರಗಳೆಲ್ಲ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಕೊಂಡಿರುತ್ತವೆ. ಪುಟ ಅಚ್ಚಾದ ಮೇಲೆ ಮೊಳೆಗಳನ್ನು ಬಿಡಿಸಿ ಮತ್ತೆ ಅವುಗಳ ಖಾನೆಗೇ ಹಾಕಬೇಕು. ಸವೆದು ಮೊಂಡಾದ ಮೊಳೆಗಳನ್ನು ಹಿತ್ತಲ ಕೋಣೆಯಲ್ಲಿ ಕರಗಿಸಿ ಹೊಸದಾಗಿ ಎರಕ ಹೊಯ್ಯುತ್ತಿದ್ದರು.

ಮೊಳೆಗೆ ಮೊಳೆ ತಿಕ್ಕಿ ಖಾನೆಯ ತಳದಲ್ಲಿ ಬೂದು ಬಣ್ಣದ ಧೂಳು ಕೂರುತ್ತಿತ್ತು. ಅದನ್ನು ಬಾಯಿಂದ ಊದಿ ತೆಗೆಯುತ್ತಿದ್ದೆವು. ಊದಿದ್ದು ನಮ್ಮ ಮುಖಕ್ಕೇ ಬರುತ್ತಿತ್ತು. ಸಾಲುಗಳ ನಡುವೆ ಇಡುವ ತೆಳ್ಳನೆಯ ಸೀಸದ ಪಟ್ಟಿಗಳನ್ನು, ಎರಡೂ ಕೈ ತುಂಬಿದ್ದಾಗ, ತುಟಿಯಲ್ಲಿ ಕಚ್ಚಿ ಹಿಡಿಯುತ್ತಿದ್ದೆವು. ಮಧ್ಯಾಹ್ನ ಅದೇ ಕರಿ ಕೈಯನ್ನು ಧೋತರಕ್ಕೆ ಒರೆಸಿಕೊಂಡು ರೊಟ್ಟಿ ಬಿಚ್ಚುತ್ತಿದ್ದೆವು. ಊಟವಾದ ಮೇಲೆ ಛಾಪಖಾನೆಯ ಮಾಲಕರಾದ ಸಾವಕಾರರ ಕಡೆಯಿಂದ ಎಲ್ಲರಿಗೂ ಒಂದೊಂದು ತುಂಡು ಬೆಲ್ಲ. ಬೆಲ್ಲ ತಿಂದರೆ ಹೊಟ್ಟೆಗೆ ಹೋದ ಸೀಸ ಇಳಿದುಹೋಗುತ್ತದೆ ಎಂದು ಅವರು ಹೇಳುತ್ತಿದ್ದರು, ನಾವು ನಂಬಿದ್ದೆವು. ಇಂದು ಆ ಬೆಲ್ಲದ ನೆನಪಾದರೆ ಮೈ ಉರಿಯುತ್ತದೆ. ಸೀಸ ವಿಷ ಎಂಬುದು ಗೊತ್ತಿದ್ದವರೇ ಅಲ್ಲವೆ ಅದಕ್ಕೊಂದು ಮದ್ದು ಎಂದು ಬೆಲ್ಲ ಕೊಡುವುದು?

ನಾನು ಛಾಪಖಾನೆ ಸೇರಿದ್ದು ಸ್ವಾತಂತ್ರ್ಯ ಬರುವುದಕ್ಕೆ ಒಂದು ವರ್ಷ ಮೊದಲು. ನಮ್ಮದು ಮಗ್ಗದ ಮನೆ. ಯುದ್ಧದ ಕಾಲದಲ್ಲಿ ನೂಲು ಸಿಗದೆ ಮಗ್ಗ ನಿಂತಿತ್ತು. ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಪಾಸಾಗಿದ್ದ, ಮರಾಠಿಯನ್ನೂ ಸರಾಗವಾಗಿ ಓದುತ್ತಿದ್ದ ನನ್ನನ್ನು ಅಪ್ಪ ಗದಗಿನ ಒಂದು ಛಾಪಖಾನೆಗೆ ಕರೆದೊಯ್ದು ಸಾವಕಾರರ ಮುಂದೆ ನಿಲ್ಲಿಸಿದ. ಆಗ ನನಗೆ ಹದಿನೆಂಟು.

ಸಾವಕಾರರ ಬಗ್ಗೆ ಖರೆ ಬರೆಯಬೇಕು. ಅವರು ಕೆಟ್ಟವರೆಂದು ಊರಲ್ಲಿ ಯಾರೂ ಹೇಳುವುದಿಲ್ಲ. ಖಾದಿ ಉಡುತ್ತಿದ್ದರು. ಚಳವಳಿಯಲ್ಲಿ ಗುಪ್ತ ಕರಪತ್ರ ಛಾಪಿಸಿ ಜೈಲಿಗೆ ಹೋಗಿ ಬಂದಿದ್ದರು. ಆ ಕರಪತ್ರಗಳ ಕಾಲದಲ್ಲಿ ಪೊಲೀಸರ ಕಣ್ಣಿಗೆ ಬೀಳಬಾರದೆಂದು ಬೀದಿಯ ಕಡೆಯ ಎರಡೂ ಕಿಟಕಿಗಳಿಗೆ ಹಲಗೆ ಹೊಡೆಸಿದ್ದರು. ಸ್ವಾತಂತ್ರ್ಯ ಬಂದ ಮೇಲೆ ನಾನೇ ಒಮ್ಮೆ ಕೇಳಿದೆ:

"ಸಾವ್ಕಾರ್ರ, ಇನ್ನ ಹಲಗಿ ತಗೀಬಹುದಲ್ರಿ?"

"ಗಾಳಿ ಬಂದ್ರ ಹಾಳಿ ಹಾರ್ತಾವಪಾ. ಹಸಿ ಮಸಿ ಮ್ಯಾಲ ಮಣ್ಣು ಕುಂಡ್ರತೈತಿ," ಎಂದರು.

ಇಂಗ್ಲಿಷರು ಹೋದರು. ಹಲಗೆ ಹಾಗೇ ಉಳಿಯಿತು.

ನನಗೆ ಕೆಲಸ ಕಲಿಸಿದವರು ಗುರುಸಿದ್ಧಪ್ಪ ಮಾಸ್ತರರು. ಅವರು ಶಾಲೆಯ ಮಾಸ್ತರರಲ್ಲ, ಛಾಪಖಾನೆಯ ಹಿರಿಯ ಕಂಪೋಜಿಟರ್. ಗೌರವಕ್ಕೆ ಎಲ್ಲರೂ ಹಾಗೆ ಕರೆಯುತ್ತಿದ್ದರು. ಶಿಗ್ಲಿಯವರು. ಹನ್ನೆರಡನೆಯ ವಯಸ್ಸಿಗೇ ಮೊಳೆ ಹಿಡಿದವರಿಗೆ ನಾನು ಸೇರಿದಾಗ ನಲವತ್ತು ಆಗಿತ್ತು. ಅಂಥ ತಲೆಯನ್ನು ನಾನು ಮತ್ತೆ ನೋಡಲಿಲ್ಲ. ಒಂದು ಪುಟ ಒಮ್ಮೆ ಓದಿದರೆ ಹಸ್ತಪ್ರತಿ ಮಗುಚಿಟ್ಟು ಜೋಡಿಸುತ್ತಿದ್ದರು. ಹಳೆಗನ್ನಡ ಪದ್ಯದ ಪುಸ್ತಕ ಛಾಪಿಸಲು ತಂದ ಪಂಡಿತರೊಬ್ಬರಿಗೆ, "ಬುದ್ಧೀ, ಹೋದ ವರ್ಷ ಇದ ಪದ್ಯ ಬ್ಯಾರೆ ಪುಸ್ತಕದಾಗ ಬಂದಿತ್ತರಿ. ಅಲ್ಲಿ ಈ ಸಾಲು ಹಿಂಗಿರಲಿಲ್ಲ," ಎಂದು ಕೈಕಟ್ಟಿ ನಿಂತು ಹೇಳಿದ್ದರು. ಪಂಡಿತರು ಮನೆಗೆ ಹೋಗಿ ನೋಡಿಕೊಂಡು ಬಂದು ತಿದ್ದಿಕೊಂಡರು.

ನನ್ನ ಮಾನ ಉಳಿಸಿದ್ದೂ ಅವರೇ. ಮೊದಲ ಸ್ವಾತಂತ್ರ್ಯ ದಿನಕ್ಕೆ ಊರಿನವರು ಆಮಂತ್ರಣ ಪತ್ರ ಮಾಡಿಸಿದರು. ಮುಂಜಾನೆ ಧ್ವಜಾರೋಹಣ, ಸಂಜೆ ಧ್ವಜಾವರೋಹಣ ಎಂದು ಹಸ್ತಪ್ರತಿಯಲ್ಲಿತ್ತು. ನಾನು ಉಬ್ಬಿ ಹೋಗಿದ್ದೆ, ದೇಶದ ಪತ್ರ ನನ್ನ ಕೈಯಲ್ಲಿ ಎಂದು. ಆ ಉಬ್ಬಿನಲ್ಲಿ ಎರಡನ್ನೂ ಅದಲುಬದಲು ಜೋಡಿಸಿ, ಯಂತ್ರಕ್ಕೆ ಕೊಡಲು ಎತ್ತಿಕೊಂಡಿದ್ದೆ. ಮಾಸ್ತರರು ನೀರು ಕುಡಿಯಲು ಹೋಗುತ್ತಿದ್ದವರು ನನ್ನ ಕೈಯಲ್ಲಿದ್ದ ಮೊಳೆಯ ಚೌಕಟ್ಟನ್ನು ಅಷ್ಟು ದೂರದಿಂದ, ಅಕ್ಷರ ತಲೆಕೆಳಗಾಗಿದ್ದರೂ, ಒಂದು ಕ್ಷಣ ನೋಡಿದರು.

"ಲೇ ಪರಪ್ಪಾ, ನೂರಾರು ವರ್ಷಕ್ಕ ಈಗ ಝಂಡಾ ಏರಸಾಕ ಹತ್ಯಾರ. ನೀ ಮುಂಜಾನೇನ ಇಳಿಸಿಬಿಟ್ಟೆಲ್ಲೋ!" ಎಂದು ನಕ್ಕರು. ಸಾವಕಾರರ ಕಿವಿಗೆ ಹಾಕಲಿಲ್ಲ. ಪಕ್ಕದಲ್ಲಿ ನಿಂತು ತಿದ್ದಿಸಿದರು.

ಈ ತಲೆ ಏನಾಯಿತು ಎಂಬುದನ್ನು ಹೇಳಲಿಕ್ಕೇ ನಾನು ಬರೆಯಲು ಕೂತದ್ದು.

ಮೊದಲು ಬಿದ್ದವನು ಇಮಾಮಸಾಬ. ಲಕ್ಷ್ಮೇಶ್ವರದವನು, ಹಿತ್ತಲ ಕೋಣೆಯಲ್ಲಿ ಸೀಸ ಕರಗಿಸಿ ಎರಕ ಹೊಯ್ಯುವವನು. ಆ ಕೋಣೆಗೆ ಒಂದೇ ಬಾಗಿಲು. ಸೀಸ ಕುದಿಯುವಾಗ ಮೇಲೆ ಕಟ್ಟುವ ಕಿಟ್ಟವನ್ನು ಸೌಟಿನಿಂದ ಕೆರೆದು ಮೂಲೆಗೆ ಎಸೆಯುತ್ತಿದ್ದ. ಒಣಗಿದ ಮೇಲೆ ಅದನ್ನು ಗುಡಿಸುವವನೂ ಅವನೇ. ದೇಶಕ್ಕೆ ಸ್ವಾತಂತ್ರ್ಯ ಬಂದು ಒಂದೆರಡು ವರ್ಷಕ್ಕೆ ಅವನಿಗೆ ಹೊಟ್ಟೆನೋವು ಶುರುವಾಯಿತು. ಸೊಂಟ ಮಡಚಿ ನೆಲಕ್ಕೆ ಕೂತುಬಿಡುತ್ತಿದ್ದ. ಆಮೇಲೆ ಬಲಗೈಯ ಮುಂಗೈ ಜೋತುಬಿತ್ತು. ಸೌಟು ಎತ್ತಲು ಹೋದರೆ ಕೈ ಒದ್ದೆ ಬಟ್ಟೆಯ ಹಾಗೆ ಕೆಳಗೆ ಇಳಿಯುತ್ತಿತ್ತು. ನಾನೇ ಅವನನ್ನು ಊರಿಗೆ ಹೊಸದಾಗಿ ಬಂದಿದ್ದ ಒಬ್ಬ ತರುಣ ಡಾಕ್ಟರರ ಬಳಿಗೆ ಕರೆದುಕೊಂಡು ಹೋದೆ.

ಡಾಕ್ಟರರು ಅವನ ತುಟಿ ಎತ್ತಿ ವಸಡು ನೋಡಿದರು. ಹಲ್ಲಿನ ಬುಡದಲ್ಲಿ ನೀಲಿಗಪ್ಪು ಗೆರೆ ಇತ್ತು. "ಏನ್ ಕೆಲಸ?" ಎಂದು ಕೇಳಿದರು. ಹೇಳಿದೆ. ಅವರು ನನ್ನ ಕಡೆ ತಿರುಗಿ, "ನಿನ್ನ ಬಾಯಿನೂ ತಗೀ," ಎಂದರು. ನನ್ನ ವಸಡು ಆಗಿನ್ನೂ ಕೆಂಪಗಿತ್ತು.

"ಇದು ಸೀಸದ ವಿಷ. ಇವನಿಗೆ ಕೈಗೆ ಬಂದೈತಿ. ಹಿಂಗ ಬಿಟ್ರ ನಿಮ್ಮೊಳಗ ಬ್ಯಾರೆ ಯಾರಿಗರ ತಲಿಗೆ ಬರ್ತೈತಿ. ಕಿಟಕಿ ತಗಸ್ರಿ, ಉಣ್ಣೂ ಮುಂದ ಸಾಬೂನ ಹಚ್ಚಿ ಕೈ ತೊಳೀರಿ, ಕರಗಸೂ ಭಟ್ಟಿ ಹೊರಗ ಹಾಕಸ್ರಿ," ಎಂದು ಹೇಳಿ, ಅದನ್ನೇ ಒಂದು ಚೀಟಿಯಲ್ಲಿ ಬರೆದು ಕೊಟ್ಟರು.

ಚೀಟಿಯನ್ನು ಸಾವಕಾರರ ಕೈಗೆ ಕೊಟ್ಟೆ. ಓದಿದರು. ಮಡಚಿ ಮೇಜಿನ ಖಾನೆಗೆ ಹಾಕಿದರು. "ಇಮಾಮಸಾಬ ತಂಬಾಕು ಭಾಳ ತಿಂತಾನ. ಅದಕ್ಕ ಹಂಗ ಆಗೈತಿ," ಎಂದರು. ಇಮಾಮಸಾಬ ಲಕ್ಷ್ಮೇಶ್ವರಕ್ಕೆ ಹೋದವನು ತಿರುಗಿ ಬರಲಿಲ್ಲ. ಎರಕದ ಕೆಲಸಕ್ಕೆ ಬೇರೊಬ್ಬ ಬಂದ. ಅದೇ ಕೋಣೆ, ಅದೇ ಸೌಟು.

ಈಗ ನನ್ನ ಪಾಲಿನ ಕೆಲಸಕ್ಕೆ ಬರುತ್ತೇನೆ. ಮೇಲಿನವರನ್ನು ಬೈಯುವುದು ಸುಲಭ.

ಹೊಸ ಕಾರ್ಖಾನೆ ಕಾಯ್ದೆ ಬಂದಿತ್ತು. ಆಗಿನ್ನೂ ನಾವು ಮುಂಬಯಿ ಸರಕಾರದ ಕೆಳಗಿದ್ದೆವು. ಇನ್ಸ್‌ಪೆಕ್ಟರ್ ಸಾಹೇಬರು ತಪಾಸಣೆಗೆ ಬರುತ್ತಾರೆಂದು ಎರಡು ದಿನ ಮೊದಲೇ ಖಬರು ಬಂತು. ಸಾವಕಾರರು ಕಿಟಕಿಯ ಹಲಗೆಗಳನ್ನು ಕೀಳಿಸಿದರು. ಎರಕದ ಒಲೆಯನ್ನು ಬಯಲಿಗೆ ತಂದಿಡಿಸಿದರು. ನಳದ ಹತ್ತಿರ ಹೊಸ ಸಾಬೂನು, ಬಿಳಿ ಟವೆಲ್ಲು. ಆಮೇಲೆ ನನ್ನನ್ನು ಕರೆದರು.

"ಪರಪ್ಪಾ, ಬರೂ ಸಾಹೇಬರಿಗೆ ಕನ್ನಡ ಬರೂದಿಲ್ಲಂತ. ನಿನ್ನ ಮರಾಠಿ ಚಲೋ ಐತಿ. ನಮ್ಮ ಮಂದಿ ಅಂದದ್ದನ್ನ ನೀ ಅವರಿಗೆ ತಿಳಿಸಿ ಹೇಳು."

"ಹೇಳ್ತೀನ್ರಿ."

"ತಿಳಿಸಿ ಹೇಳೂದು ಅಂದ್ರ ಗೊತ್ತಾತಿಲ್ಲೊ? ಛಾಪಖಾನಿ ಮುಚ್ಚಿದ್ರ ಏಕೀಕರಣದ ಕೆಲಸ ನಿಲ್ಲತೈತಿ. ನಿಮ್ಮೆಲ್ಲಾರ ಒಲಿನೂ ನಿಲ್ಲತೈತಿ."

ನನಗೆ ಗೊತ್ತಾಯಿತು. ಯಾರೂ ನನ್ನ ಕುತ್ತಿಗೆಗೆ ಚಾಕು ಹಿಡಿದಿರಲಿಲ್ಲ. ಸಾಹೇಬರ ಪಕ್ಕದಲ್ಲಿ ನಿಂತು ಮರಾಠಿ ಮಾತನಾಡುವ ಹುಮ್ಮಸ್ಸು ಇತ್ತು, ಅದನ್ನೂ ಮುಚ್ಚಿಡುವುದಿಲ್ಲ.

ಸಾಹೇಬರು ಬಂದರು. ಕೇಸುಗಳ ನಡುವೆ ಅಡ್ಡಾಡಿದರು. ಎಲ್ಲರಿಗಿಂತ ಹಿರಿಯ ಕೆಲಸಗಾರ ಯಾರೆಂದು ಕೇಳಿದರು. ಮಾಸ್ತರರನ್ನು ತೋರಿಸಿದೆ. "ಏನಾದರೂ ತೊಂದರೆ ಇದೆಯೆ ಕೇಳು," ಎಂದರು ಮರಾಠಿಯಲ್ಲಿ. ಕೇಳಿದೆ. ಮಾಸ್ತರರು ಕೈಯಲ್ಲಿದ್ದ ಮೊಳೆ ಖಾನೆಗೆ ಹಾಕಿ, ಕೈ ಜೋಡಿಸಿ ಮಾತನಾಡಿದರು. ಅವರು ಅಂದದ್ದು ಇಂದಿಗೂ ನನಗೆ ಅಕ್ಷರ ಬಿಡದೆ ಬರುತ್ತದೆ.

"ಸಾಹೇಬ್ರ, ಈ ಹಲಗಿ ನಿನ್ನಿ ತಗದಾರ್ರಿ. ಈ ಮೂಲ್ಯಾಗ ಬಿಸಲು ಬಿದ್ದು ಏಳೆಂಟು ವರ್ಷ ಆಗಿತ್ತು. ನಮ್ಮ ಇಮಾಮಸಾಬನ ಕೈ ಹೋತು. ನನಗೂ ಹೊಟ್ಟಿ ಹಿಡಕೊಂತೈತಿ, ಬಾಯಾಗ ಕಬ್ಬಿಣ ನೆಕ್ಕಿದಂಗ ಆಗ್ತೈತಿ. ಒಮ್ಮೊಮ್ಮಿ ತಲ್ಯಾಗ ಹೊಗಿ ತುಂಬಿದಂಗ ಆಗಿ ಗೊತ್ತಿದ್ದ ಅಕ್ಷರ ಸಿಗೂದಿಲ್ಲ. ನನಗ ಈ ತಲಿ ಬಿಟ್ರ ಬ್ಯಾರೆ ಆಸ್ತಿ ಇಲ್ರಿ. ಏನರ ಒಂದು ದಾರಿ ಮಾಡಿ ಕೊಡ್ರಿ."

ಸಾಹೇಬರು ನನ್ನ ಮುಖ ನೋಡಿದರು. ನಾನು ಮರಾಠಿಯಲ್ಲಿ ಹೇಳಿದೆ: "ಇಲ್ಲಿ ಬಹಳ ವರ್ಷದಿಂದ ಇದ್ದೇನೆ, ಮಾಲಕರು ಚೆನ್ನಾಗಿ ನೋಡಿಕೊಳ್ಳುತ್ತಾರೆ, ಯಾವ ತೊಂದರೆಯೂ ಇಲ್ಲ ಎನ್ನುತ್ತಾರೆ."

ಸಾಹೇಬರು ಮಾಸ್ತರರಿಗೆ ನಗುತ್ತ ತಲೆಯಾಡಿಸಿ, ಬರೆದುಕೊಂಡು, ಚಹಾ ಕುಡಿದು ಹೋದರು.

ಮಾಸ್ತರರಿಗೆ ಮರಾಠಿ ಬರುತ್ತಿರಲಿಲ್ಲ. ಆದರೆ ಇಡೀ ಜೀವನ ಸಾಲುಗಳ ಅಳತೆ ನೋಡಿದವರು. ಸಂಜೆ ಕೇಸಿಗೆ ಬಟ್ಟೆ ಹೊದಿಸುತ್ತ, "ಪರಪ್ಪಾ, ನಾ ಅಂದದ್ದು ಅಷ್ಟು ಉದ್ದ ಇತ್ತು. ನೀ ಹೇಳಿದ್ದು ಇಷ್ಟ ಗಿಡ್ಡ ಆತಲ್ಲೋ?" ಎಂದರು.

"ಮರಾಠ್ಯಾಗ ಹಂಗ ರೀ ಮಾಸ್ತರ, ಗಿಡ್ಡನ ಇರ್ತೈತಿ," ಎಂದೆ.

ಅವರು ನಂಬಿದರೋ, ನಂಬಿದಂತೆ ಮಾಡಿದರೋ, "ಹೌದೇನು," ಎಂದು ಮನೆಗೆ ಹೋದರು. ಮೂರನೆಯ ದಿನ ಒಲೆ ಮತ್ತೆ ಹಿತ್ತಲ ಕೋಣೆಗೆ ಹೋಯಿತು, ಹಲಗೆಗಳು ಮತ್ತೆ ಕಿಟಕಿಗೆ ಬಂದವು. ಹೊಡೆಯುವಾಗ ಏಣಿ ಹಿಡಿದವನು ನಾನು.

ನಾಡು ಒಂದಾಗಲಿ ಎಂದು ಆ ವರ್ಷಗಳಲ್ಲಿ ನಾವು ಛಾಪಿಸಿದ ಕರಪತ್ರಗಳಿಗೆ ಲೆಕ್ಕವಿಲ್ಲ. ನಮ್ಮ ಭಾಷೆ ಗೊತ್ತಿಲ್ಲದ ಅಧಿಕಾರಿಗೆ ನಮ್ಮ ಕಷ್ಟ ಹೇಗೆ ತಿಳಿದೀತು ಎಂಬ ಸಾಲನ್ನು ನಾನೇ ಎಷ್ಟೋ ಬಾರಿ ಜೋಡಿಸಿದ್ದೇನೆ. ಭಾಷೆ ಗೊತ್ತಿದ್ದ ನಾನು ನಡುವೆ ನಿಂತು ಏನು ಮಾಡಿದೆ ಎಂಬುದನ್ನು ಯಾವ ಕರಪತ್ರದಲ್ಲಿಯೂ ಹಾಕಲಿಲ್ಲ.

ಕಡೆಗೆ ನಾಡು ಒಂದಾಯಿತು. ಊರು ಕುಣಿಯಿತು. ನಮಗೆ ಮಾತ್ರ ತಲೆ ಎತ್ತಲು ಪುರಸತ್ತಿಲ್ಲ. ಸರಕಾರ ಬದಲಾದದ್ದಕ್ಕೆ ಕಚೇರಿಗಳ ನಮೂನೆ, ಶಾಲೆಗಳ ಹಾಜರಿ ಪುಸ್ತಕ, ರಸೀದಿ, ದಾಖಲೆ ಎಲ್ಲದರ ತಲೆಬರಹವೂ ಬದಲಾಗಬೇಕು. ಶಿರಹಟ್ಟಿ, ಲಕ್ಷ್ಮೇಶ್ವರದ ಕಡೆಯವರಿಗಂತೂ ಕೆಲವೇ ವರ್ಷಗಳಲ್ಲಿ ಇದು ಎರಡನೆಯ ಬದಲಾವಣೆ. ಸಂಸ್ಥಾನ ಹೋಗಿ ಮುಂಬಯಿ ಬಂದಿತ್ತು, ಈಗ ಮುಂಬಯಿ ಹೋಗಿ ಮೈಸೂರು. ಮೊಳೆ ಸಾಲದೆ ಹಿತ್ತಲ ಕೋಣೆಯಲ್ಲಿ ದಿನಾ ಎರಕ. ಆ ಹೊಗೆ ಮುಚ್ಚಿದ ಕೋಣೆಯೊಳಗೇ ಸುತ್ತುತ್ತಿತ್ತು.

ಮಾಸ್ತರರು ಜಾರತೊಡಗಿದ್ದು ಆ ವರ್ಷವೇ. ಒಂದು ದಿನ ಶಾಲೆಯ ದಾಖಲೆಯ ನಮೂನೆಯೊಂದರಲ್ಲಿ ಒಂದೇ ಸಾಲನ್ನು ಮೂರು ಬಾರಿ ಜೋಡಿಸಿದ್ದರು. ತೋರಿಸಿದೆ. ಬಹಳ ಹೊತ್ತು ನೋಡಿ, "ಯಾರ್ ಮಾಡ್ಯಾರ ಇದನ್ನ?" ಎಂದರು. ಇನ್ನೊಂದು ದಿನ ಮೊಳೆ ಬಿಡಿಸುವಾಗ 'ಮ' ಇರುವ ಖಾನೆಗೆ ಕಂಡ ಕಂಡ ಅಕ್ಷರ ಸುರಿದರು. ಯಾರಿಗೂ ಎತ್ತರದ ದನಿಯಲ್ಲಿ ಮಾತಾಡದಿದ್ದವರು ಯಂತ್ರದವನ ಮೇಲೆ ಚೌಕಟ್ಟು ಎತ್ತಿಕೊಂಡು ಹೋದರು. ಆಮೇಲೆ ಮೂಲೆಯಲ್ಲಿ ಕೂತು ಅತ್ತರು. ಐವತ್ತು ದಾಟಿ ಒಂದೆರಡು ವರ್ಷ, ಅಷ್ಟೆ. ಸಾವಕಾರರು, "ಮಾಸ್ತರಿಗೆ ವಯಸ್ಸಾತು," ಎಂದು ಅವರನ್ನು ಹಾಳೆ ಮಡಚಲು ಕೂರಿಸಿದರು. ಒಂದು ವರ್ಷದಲ್ಲಿ ಅದೂ ಆಗದೆ ಮನೆಗೆ ಕಳಿಸಿದರು.

ಆಗ ಮಾಸ್ತರರ ಮನೆ ಬೆಟಗೇರಿಯಲ್ಲಿ. ಒಂದು ಮುಂಜಾನೆ ಛಾಪಖಾನೆಗೆ ಹೋಗುತ್ತೇನೆಂದು ಹೊರಟವರು ಮನೆಗೆ ಬರಲಿಲ್ಲ. ಎರಡು ದಿನ ಹುಡುಕಿದೆವು. ಹರ್ತಿಯಲ್ಲಿ ಒಂದು ಹೊಲದ ಬದುವಿನಲ್ಲಿ ಕೂತಿದ್ದರು. ಊರಿನವರು ಹೆಸರು ಕೇಳಿದರೆ ಹೇಳಲು ಬರಲಿಲ್ಲವಂತೆ. ಪಂಡಿತರ ತಪ್ಪು ಹುಡುಕಿದ ಮನುಷ್ಯ! ಅಲ್ಲಿಯ ಶಾಲೆಯ ಗುರುಗಳೊಬ್ಬರು ಛಾಪಖಾನೆಗೆ ಬಂದು ಹೋದವರಿದ್ದರು. ಅವರು ಗುರುತು ಹಿಡಿದು ಚಕ್ಕಡಿಯಲ್ಲಿ ಕಳಿಸಿಕೊಟ್ಟರು.

ಮಾಸ್ತರರ ಹೆಂಡತಿ ನೀಲವ್ವ. ಆಕೆ ಒಮ್ಮೆ ಛಾಪಖಾನೆಗೇ ಬಂದು ಸಾವಕಾರರ ಮುಂದೆ ನಿಂತಳು. "ಸಾವ್ಕಾರ್ರ, ಇವತ್ತು ನಮ್ಮ ಮನ್ಯಾವ್ರು ನನ್ನ ನೀ ಯಾರವಾ ಅಂತ ಕೇಳಿದ್ರು. ಇಲ್ಲಿ ಅವರಿಗೆ ಏನಾತ್ರಿ? ಇಲ್ಲಿ ಯಾರಿಗರ ಗೊತ್ತೈತೇನ್ರಿ?"

ಸಾವಕಾರರು ಮೇಜಿನ ಮೇಲಿನ ಕಾಗದ ಸರಿಪಡಿಸುತ್ತ, "ದೇವರ ಇಚ್ಛಾ ತಂಗಿ," ಎಂದರು. ಆಕೆ ಕೇಸುಗಳ ಕಡೆ ತಿರುಗಿ ನಮ್ಮೆಲ್ಲರನ್ನೂ ನೋಡಿದಳು. ನಾನು ಮೊಳೆ ಹುಡುಕುವವನಂತೆ ಖಾನೆಯಲ್ಲಿ ಕೈಯಾಡಿಸುತ್ತಿದ್ದೆ.

ಮಾಸ್ತರರನ್ನು ಶಿಗ್ಲಿಗೆ, ಅವರ ತಮ್ಮ ಚನ್ನಪ್ಪನ ಮನೆಗೆ ಒಯ್ದರು. ಅಲ್ಲಿ ನೀಲವ್ವನ ಅತ್ತೆ, ಮೈದುನ ಸೇರಿ ಕಾರಣ ಹುಡುಕಿದರು. ನೀಲವ್ವ ಗಂಡನಿಗೆ ಮದ್ದು ಹಾಕಿದ್ದಾಳೆ. ಅವನನ್ನು ಕೈವಶ ಮಾಡಿಕೊಳ್ಳಲು ಊಟದಲ್ಲಿ ಏನೋ ಬೆರೆಸಿದಳು, ಅದು ತಲೆಗೇರಿತು ಎಂದರು. ಮದ್ದು ತೆಗೆಯುವವರ ಬಳಿಗೆ ಕರೆದೊಯ್ದು ಆ ಮನುಷ್ಯನಿಗೆ ವಾಂತಿ ಮಾಡಿಸಿ ಮಾಡಿಸಿ ಇನ್ನಷ್ಟು ಕೆಡಿಸಿದರು. ನೀಲವ್ವನನ್ನು ಒಲೆಯ ಹತ್ತಿರ ಬಿಡಲಿಲ್ಲ. ಆಕೆ ತುಂಬಿಟ್ಟ ನೀರನ್ನು ಆ ಮನೆಯಲ್ಲಿ ಯಾರೂ ಕುಡಿಯಲಿಲ್ಲ. ಮಾಸ್ತರರು ತೀರಿಕೊಂಡ ಮೇಲೆ ಆಕೆ ಮುಂಡರಗಿಗೆ ಕೊಟ್ಟಿದ್ದ ಮಗಳ ಮನೆಗೆ ಹೋದಳು. ಮದ್ದಿನ ಮಾತು ಅಲ್ಲಿಗೂ ಮುಟ್ಟಿ, ಆ ಊರಿನ ಮದುವೆ ಮುಂಜಿಗಳಲ್ಲಿಯೂ ಆಕೆ ಬಡಿಸಲು ಬಂದರೆ ಜನ ಎಲೆಯ ಮೇಲೆ ಕೈ ಅಡ್ಡ ಹಿಡಿಯುತ್ತಿದ್ದರಂತೆ. ಇದೆಲ್ಲ ನನ್ನ ಕಿವಿಗೆ ಬೀಳುತ್ತಿತ್ತು. ಡಾಕ್ಟರರು ಹೇಳಿದ ಮಾತು ನನಗೆ ನೆನಪಿತ್ತು. ನಾನು ಬಾಯಿ ಬಿಡಲಿಲ್ಲ.

ವರ್ಷಗಳು ಹೋದವು. ಸಾವಕಾರರು ತೀರಿಕೊಂಡಾಗ ಸಂತಾಪದ ಪುಟ ಜೋಡಿಸಿದ್ದೂ ನಾನೇ. 'ಶ್ರಮಿಕರ ಪಾಲಿನ ತಂದೆ' ಎಂದು ಹಸ್ತಪ್ರತಿಯಲ್ಲಿತ್ತು. ಒಂದೊಂದೇ ಮೊಳೆ ಎತ್ತಿ ಅದನ್ನು ಜೋಡಿಸಿದೆ. ಅಷ್ಟು ಸಾವಧಾನವಾಗಿ, ತಪ್ಪಿಲ್ಲದೆ, ಅಷ್ಟು ಸಿಟ್ಟಿನಿಂದ ನಾನು ಬೇರೇನನ್ನೂ ಜೋಡಿಸಿಲ್ಲ. ಆಮೇಲೆ ಆಫ್‌ಸೆಟ್ ಬಂತು. ಸಾವಕಾರರ ಮಗ ಮೊಳೆಗಳನ್ನೆಲ್ಲ ಗೋಣಿಚೀಲದಲ್ಲಿ ತುಂಬಿ ಹಳೆ ಸಾಮಾನು ಕೊಳ್ಳುವ ಮೋಡಕಾದವರಿಗೆ ಹಾಕಿದ. ಬ್ಯಾಟರಿ ಮಾಡುವವರು ಒಯ್ದರೆಂದು ಕೇಳಿದೆ. ಅಂದರೆ ಆ ಸೀಸ ಈಗ ಇನ್ನೊಂದು ಕೋಣೆಯಲ್ಲಿ, ಇನ್ನೊಬ್ಬನ ಸೌಟಿನಲ್ಲಿ ಇದೆ.

ಕೆಲಸ ಬಿಟ್ಟ ಮೇಲೆ ನನ್ನ ಕೈ ನಡುಗಲು ಶುರುವಾಯಿತು. ಗೊತ್ತಿದ್ದವರ ಹೆಸರು ಬಾಯಿಗೆ ಬರುವುದಿಲ್ಲ. ಹುಬ್ಬಳ್ಳಿಯ ಡಾಕ್ಟರ್‌ಬಾಯಿಯೊಬ್ಬರಿಗೆ ತೋರಿಸಿದೆ. ಮೊದಲ ಪ್ರಶ್ನೆಯೇ, "ಏನ್ ಕೆಲಸ ಮಾಡತಿದ್ರಿ ಅಜ್ಜಾರ?" ಸೀಸ ಮೂಳೆಯೊಳಗೆ ಸೇರಿ ಹತ್ತಾರು ವರ್ಷ ಕೂತಿರುತ್ತದೆ, ವಯಸ್ಸಾಗಿ ಮೂಳೆ ಸವೆದಾಗ ಮತ್ತೆ ರಕ್ತಕ್ಕೆ ಇಳಿಯುತ್ತದೆ ಎಂದು ತಿಳಿಸಿ ಹೇಳಿದರು. ನಾನು ಮಾಸ್ತರರ ಕಥೆಯನ್ನು ಹೇಳಿದೆ.

"ನಾ ಅವರನ್ನ ನೋಡಿಲ್ಲ. ಸೀಸ ಒಂದ ಕಾರಣ ಅಂತ ಖಾತ್ರಿ ಹೇಳಾಕ ಆಗೂದಿಲ್ರಿ," ಎಂದರು. "ಆದ್ರ ಸೀಸದ ಪಾಲು ಇಲ್ಲ ಅಂತ ಹೇಳೂದು ಅದಕ್ಕಿಂತ ಕಷ್ಟ ಐತಿ."

ಅಲ್ಲಿಂದ ಮನೆಗೆ ಬಂದವನು ಮರುದಿನ ಮುಂಡರಗಿಯ ಬಸ್ಸು ಹತ್ತಿದೆ. ನನ್ನ ತಲೆಯೂ ಹೊಗೆ ತುಂಬಿ ಹೋಗುವ ಮೊದಲು ಹೇಳಬೇಕಿತ್ತು.

ನೀಲವ್ವ ಮಗಳ ಮನೆಯ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದಳು. ಎಪ್ಪತ್ತೈದರ ಮೇಲಾಗಿತ್ತು, ಕಣ್ಣು ಚುರುಕಾಗಿದ್ದವು. "ಬಾರೋ ಪರಪ್ಪಾ, ಕುಂಡ್ರು," ಎಂದಳು. ನಾನು ಕೂರದೆ ಎಲ್ಲವನ್ನೂ ಹೇಳಿದೆ. ಇಮಾಮಸಾಬನ ವಸಡು, ಡಾಕ್ಟರರ ಚೀಟಿ, ಇನ್ಸ್‌ಪೆಕ್ಟರ್ ಬಂದ ದಿನ, ಮಾಸ್ತರರು ಕೈ ಜೋಡಿಸಿ ಅಂದದ್ದು, ನಾನು ಮರಾಠಿಯಲ್ಲಿ ಹೇಳಿದ್ದು. ಆಕೆಯ ಕೈ ಮೊರದ ಮೇಲೆ ನಿಂತಿತು.

"ಅವರು ಹಂಗ ಅಂದಿದ್ರಾ? ತಲ್ಯಾಗ ಹೊಗಿ ತುಂಬತೈತಿ ಅಂತ?"

"ಅಂದಿದ್ರು ಅವ್ವಾರ."

"ನಾ ಛಾಪಖಾನಿಗೆ ಬಂದು ಕೇಳಿದಾಗ ನೀ ಅಲ್ಲೇ ಇದ್ದಿ."

"ಇದ್ದೆ."

"ನನ್ನ ಮದ್ದು ಹಾಕಿದಾಕಿ ಅಂದದ್ದು ನಿನಗ ಗೊತ್ತಿತ್ತು."

"ಗೊತ್ತಿತ್ತರಿ."

ನಾನು ಬೈಗಳಿಗೆ ತಯಾರಾಗಿ ಹೋಗಿದ್ದೆ. ಕಾಲಿಗೆ ಬೀಳಲು ಬಗ್ಗಿದೆ. ಆಕೆ ಕಾಲು ಹಿಂದಕ್ಕೆ ಎಳೆದುಕೊಂಡಳು. "ನನ್ನ ಕಾಲು ಹಿಡದು ನೀ ಹಗುರಾಗಿ ಮನಿಗೆ ಹೋಗಬ್ಯಾಡ. ನಡಿ ಶಿಗ್ಲಿಗೆ. ಅಲ್ಲಿ ಎಲ್ಲಾರ ಮುಂದ ನಿಂತು ಇದನ್ನ ಹೇಳು. ಒಂದಕ್ಷರ ಬಿಡಬ್ಯಾಡ. ಈ ಸಲ ಗಿಡ್ಡ ಮಾಡಬ್ಯಾಡ."

ಮಗಳು ಬೇಡವೆಂದರೂ ಕೇಳದೆ ಆಕೆ ಸೀರೆ ಬದಲಿಸಿ ಹೊರಟಳು. ಗದಗು, ಲಕ್ಷ್ಮೇಶ್ವರ, ಅಲ್ಲಿಂದ ಶಿಗ್ಲಿ. ಮೂರು ಬಸ್ಸುಗಳಲ್ಲೂ ನನ್ನಿಂದ ದೂರ, ಬೇರೆ ಸೀಟಿನಲ್ಲಿ ಕೂತಳು.

ಯುವಕರೇ, ಇಲ್ಲಿ ನಿಮಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಬ್ಯಾಟರಿ ಅಂಗಡಿಗೆ ಹೋಗುವವರಿದ್ದೀರಿ, ಬೆಸುಗೆ ಹಾಕುವವರಿದ್ದೀರಿ. ಕೈ ತೊಳೆಯದೆ ಉಣ್ಣಬೇಡಿ, ಕೆಲಸ ಮಾಡಿದ ಅಂಗಿಯಲ್ಲೇ ಮನೆಗೆ ಹೋಗಿ ಮಕ್ಕಳನ್ನು ಎತ್ತಿಕೊಳ್ಳಬೇಡಿ. ಬೆಲ್ಲ ಕೊಟ್ಟರೆ ತಿನ್ನಿ, ಆದರೆ ಕಿಟಕಿ ಕೇಳಿ. ಪಕ್ಕದಲ್ಲಿ ನಿಂತವನು ಕಷ್ಟ ಹೇಳಿಕೊಂಡರೆ ಅದನ್ನು ಪೂರಾ ಹೇಳಿ. ಕೈಕಾಲು ಹೋದರೆ ಜನರ ಕಣ್ಣಿಗೆ ಕಾಣುತ್ತದೆ. ತಲೆ ಹೋದರೆ ಮನೆಯ ಹೆಂಗಸಿನ ಮೇಲೆ ಹಾಕುತ್ತಾರೆ.

ಶಿಗ್ಲಿಯಲ್ಲಿ ಚನ್ನಪ್ಪ ಕಟ್ಟೆಯ ಮೇಲೆ ಕೂತಿದ್ದ. ಅವನಿಗೂ ಎಪ್ಪತ್ತು ದಾಟಿತ್ತು. ಮಗ, ಸೊಸೆ, ನೆರೆಯ ಮುದುಕಿಯೊಬ್ಬಳು ಬಂದು ಸೇರಿದರು. ನಾನು ಅಂಗಳದಲ್ಲಿ ನಿಂತು ಮೊದಲಿನಿಂದ ಕೊನೆಯತನಕ ಹೇಳಿದೆ. ಮಾಸ್ತರರು ಸಾಹೇಬರಿಗೆ ಅಂದ ಮಾತುಗಳನ್ನು ಅವರು ಅಂದಂತೆಯೇ ಹೇಳಿದೆ.

ಚನ್ನಪ್ಪ ನೆಲ ನೋಡುತ್ತ, "ಆಗಿ ಹೋದ ಮಾತು ಬಿಡಪಾ. ಈಗ ಯಾಕ ತಗೀತಿ," ಎಂದ.

"ಆಗಿ ಹೋಗಿಲ್ಲ," ಎಂದಳು ನೀಲವ್ವ. "ಪರಪ್ಪಾ, ಮತ್ತೊಮ್ಮಿ ಹೇಳು. ಅವಗ ಕಿವಿ ಮಂದ ಆಗ್ಯಾವ."

ಮತ್ತೊಮ್ಮೆ ಹೇಳಿದೆ. ನೀಲವ್ವ ಎದ್ದು, ಕಾಲು ತೊಳೆದುಕೊಂಡು, ಸೀದಾ ಅಡುಗೆಮನೆಗೆ ಹೋದಳು. ಸೊಸೆ ಬಾಗಿಲಲ್ಲಿ ನಿಂತಿದ್ದವಳು ಮಾವನ ಮುಖ ನೋಡಿದಳು. ಅವನು ತಲೆ ಎತ್ತಲಿಲ್ಲ. ಸೊಸೆ ಬಾಗಿಲು ಬಿಟ್ಟು ಸರಿದಳು. ಒಳಗೆ ಒಲೆಯ ಸದ್ದು, ಡಬ್ಬಿಗಳ ಮುಚ್ಚಳ ತೆಗೆದು ಹಾಕಿದ ಸದ್ದು ಕೇಳಿತು. ಬಹಳ ಹೊತ್ತು ಕಾದೆವು.

ತಾಟಿನಲ್ಲಿ ಚಹಾ ತಂದಳು. ಮೊದಲು ಚನ್ನಪ್ಪನ ಮುಂದೆ ಹಿಡಿದಳು. ಅವನ ಕೈ ಮೇಲೇಳಲಿಲ್ಲ. ಆಕೆ ಹಿಡಿದೇ ನಿಂತಳು. ಆ ವಯಸ್ಸಿನಲ್ಲಿ ಅಷ್ಟು ಹೊತ್ತು ತಾಟು ಹಿಡಿದು ನಿಲ್ಲುವುದು ಸುಲಭವಲ್ಲ, ಆದರೆ ತಾಟು ಅಲುಗಲಿಲ್ಲ. ಕಡೆಗೆ ಅವನು ಎರಡೂ ಕೈಯಿಂದ ಕಪ್ಪು ತೆಗೆದುಕೊಂಡು, ಕಣ್ಣು ಮುಚ್ಚಿ ಕುಡಿದ. ಪೂರಾ ಕುಡಿಯುವವರೆಗೆ ನೀಲವ್ವ ಅಲ್ಲಿಂದ ಕದಲಲಿಲ್ಲ. ಆಮೇಲೆ ಮಗನಿಗೆ, ಸೊಸೆಗೆ, ನೆರೆಮನೆಯ ಮುದುಕಿಗೆ ಕೊಟ್ಟಳು. ಎಲ್ಲರೂ ಕುಡಿದರು. ಕೊನೆಯ ಕಪ್ಪನ್ನು ತಾನು ಎತ್ತಿಕೊಂಡು ಕಟ್ಟೆಯ ಮೇಲೆ, ಚನ್ನಪ್ಪನ ಸರಿಸಮ ಕೂತಳು.

ನನಗೆ ಕೊಡಲಿಲ್ಲ. ನಾನು ಕೇಳಲಿಲ್ಲ. ಅವರು ಕುಡಿದು ಮುಗಿಸುವ ತನಕ ಅಂಗಳದಲ್ಲಿ ನಿಂತಿದ್ದೆ.